ಆಯ-ವ್ಯಯಗಳ ಎರಡು ಲೆಕ್ಕ: ಕುಟುಂಬ ಸಮೀಕ್ಷೆಗಳನ್ನು ಒಂದುಗೂಡಿಸಿದ ಯತ್ನಗಳ ಇತಿಹಾಸ

ಒಂದು ಮನೆಗೆ ವರ್ಷದಲ್ಲಿ ಬರುವುದೆಷ್ಟು, ಆ ಮನೆಯಿಂದ ಹೋಗುವುದೆಷ್ಟು ಎಂಬ ಎರಡು ಪ್ರಶ್ನೆಗಳು ಮನೆ ನಡೆಸುವವರ ಪಾಲಿಗೆ ಒಂದೇ ಪ್ರಶ್ನೆಯ ಎರಡು ಮುಖಗಳು. ಸರಕಾರದ ಲೆಕ್ಕಪತ್ರಗಳಲ್ಲಿ ಮಾತ್ರ ಅವು ಬಹುಕಾಲ ಬೇರೆ ಬೇರೆಯಾಗಿಯೇ ಉಳಿದವು. ವರಮಾನವನ್ನು ಕೇಳಿದವರು ಒಬ್ಬರು, ಖರ್ಚನ್ನು ಕೇಳಿದವರು ಮತ್ತೊಬ್ಬರು. ಕೇಳಿದ ಮನೆಗಳೂ ಒಂದೇ ಅಲ್ಲ, ಕೇಳಿದ ಕಾಲವೂ ಒಂದೇ ಅಲ್ಲ. ಇವೆರಡನ್ನೂ ಒಂದೇ ಸಂಗ್ರಹದೊಳಗೆ ತರುವ ಗಂಭೀರವಾದ ಯತ್ನಗಳು ನಮ್ಮ ದೇಶದಲ್ಲಿ ಸ್ವಾತಂತ್ರ್ಯಾನಂತರದ ಮೊದಲ ಎರಡು ದಶಕಗಳಲ್ಲಿ ನಡೆದವು. ಅವು ನಿರೀಕ್ಷಿಸಿದಂತೆ ಫಲಿಸಲಿಲ್ಲ. ಏಕೆ ಫಲಿಸಲಿಲ್ಲ, ಆ ವಿಫಲತೆಯಿಂದ ಇತಿಹಾಸದ ಅಭ್ಯಾಸಿಗೆ ದೊರೆಯುವುದೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಉದಾಹರಣೆಗಳನ್ನು ಸಾಧ್ಯವಾದಲ್ಲೆಲ್ಲ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಿಂದ, ವಿಶೇಷವಾಗಿ ಕಾಳೀನದಿಯ ಕಣಿವೆಯ ಮಲ್ಲಾಪುರದ ಸೀಮೆಯಿಂದ ತೆಗೆದುಕೊಂಡಿದ್ದೇವೆ. ಇದು ಕೇವಲ ಸ್ಥಳಾಭಿಮಾನದ ಮಾತಲ್ಲ. ಗದ್ದೆಯ ದುಡಿಮೆ, ಕಡಲಿನ ದುಡಿಮೆ, ಅಡವಿಯ ಉತ್ಪನ್ನ, ಗೋವೆ-ಮುಂಬಯಿಗಳಿಂದ ಬರುವ ಹಣ, ತಿಂಗಳ ಸಂಬಳ ಇವೆಲ್ಲವೂ ಕೆಲವೇ ಮೈಲುಗಳ ಅಂತರದಲ್ಲಿ ಕಲೆತಿರುವ ಸೀಮೆಯಿದು. ಲೆಕ್ಕಿಗನ ಪಟ್ಟಿಕೆ ಎಲ್ಲಿ ಸಾಲದಾಗುತ್ತದೆಂಬುದು ಇಂಥ ಸ್ಥಳಗಳಲ್ಲಿಯೇ ಬೇಗನೆ ಗೊತ್ತಾಗುವುದು.

ಕನ್ನಡ ಜಿಲ್ಲೆಯು ಇಬ್ಭಾಗವಾಗಿ ಅದರ ಉತ್ತರಾರ್ಧವು 1862ರಲ್ಲಿ ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. 1883ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ಲರ ಸಂಪಾದಕತ್ವದಲ್ಲಿ ಹೊರಬಂದ ಮುಂಬಯಿ ಗ್ಯಾಸೆಟಿಯರಿನ 15ನೆಯ ಸಂಪುಟ ಈ ಜಿಲ್ಲೆಗೆ ಸಂಬಂಧಪಟ್ಟದ್ದು. ಅದರ ಜನವರ್ಣನೆಯ ಅಧ್ಯಾಯದಲ್ಲಿ ಹಲವು ಜಾತಿಗಳ ಬಗೆಗೆ, ಐದು ಜನರ ಒಂದು ಕುಟುಂಬಕ್ಕೆ ತಿಂಗಳಿಗೆ ಇಷ್ಟು ಖರ್ಚು ಬರುತ್ತದೆಂಬ ಅಂದಾಜು ದೊರೆಯುತ್ತದೆ. ಕೂಲಿಯ ದರ, ಧಾರಣೆ, ಬಡ್ಡಿ ಮುಂತಾದವುಗಳಾದರೋ ಬಂಡವಾಳವನ್ನು ಕುರಿತ ಬೇರೊಂದು ಅಧ್ಯಾಯದ ವಿಷಯ. ಮೊದಲ ಅಧ್ಯಾಯವನ್ನು ಓದಿದಾಗ ಖರ್ಚು ಮಾಡುವ ಜಾತಿಗಳು ಕಾಣುತ್ತವೆ. ಎರಡನೆಯದನ್ನು ಓದಿದಾಗ ಕೂಲಿ ಪಡೆಯುವ ಕಸಬುಗಳು ಕಾಣುತ್ತವೆ. ಎರಡನ್ನೂ ಮಾಡುವ ಮನೆ ಎಲ್ಲಿಯೂ ಕಾಣುವುದಿಲ್ಲ. ಈ ಅಂದಾಜುಗಳು ಬಹುಮಟ್ಟಿಗೆ ಸ್ಥಳೀಯ ಅಧಿಕಾರಿಗಳಿಂದಲೂ ಊರಿನ ತಿಳಿವಳಿಕಸ್ಥರಿಂದಲೂ ಬಂದವು, ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡವಲ್ಲ. ಹೀಗಿದ್ದರೂ ನಂತರದ ಸಂಶೋಧಕರು ಒಂದು ಅಧ್ಯಾಯದ ಕೂಲಿಯನ್ನು ಇನ್ನೊಂದು ಅಧ್ಯಾಯದ ಖರ್ಚಿನಿಂದ ಕಳೆದು, ಆ ಕಾಲದ ಬಡತನವನ್ನು ನಿರ್ಧರಿಸುವ ಸುಲಭಮಾರ್ಗವನ್ನು ಹಿಡಿಯುವುದುಂಟು. ಇದು ಸಲ್ಲದ ಕಳೆಯುವಿಕೆ ಎಂಬುದು ನಮ್ಮ ಅಭಿಪ್ರಾಯ.

ಮನೆಗೆ ಹೋಗಿ ಕೇಳುವ ಪದ್ಧತಿ ಯುರೋಪಿನಲ್ಲಿ 19ನೆಯ ಶತಮಾನದ ಮಧ್ಯದಲ್ಲಿಯೇ ಬೇರೂರಿತ್ತು. ಫ್ರಾನ್ಸಿನ ಲೆ ಪ್ಲೇ 1855ರಲ್ಲಿ ಕಾರ್ಮಿಕ ಕುಟುಂಬಗಳ ಆಯವ್ಯಯವನ್ನು ಒಂದೊಂದೇ ಮನೆಯಂತೆ ಬಿಡಿಸಿ ಪ್ರಕಟಿಸಿದನು. ಇಂಥ ಕುಟುಂಬ ಲೆಕ್ಕಗಳ ಆಧಾರದಿಂದಲೇ ಜರ್ಮನಿಯ ಎಂಗೆಲ್ 1857ರಲ್ಲಿ, ಬಡತನ ಹೆಚ್ಚಿದಷ್ಟೂ ಖರ್ಚಿನಲ್ಲಿ ಆಹಾರದ ಪಾಲು ಹೆಚ್ಚುತ್ತದೆಂಬ ನಿಯಮವನ್ನು ಸ್ಥಾಪಿಸಿದನು. ಈ ಪದ್ಧತಿಯನ್ನು ಮುಂಬಯಿಗೆ ತಂದದ್ದು 1921ರಲ್ಲಿ ಅಲ್ಲಿ ಸ್ಥಾಪಿತವಾದ ಕಾರ್ಮಿಕ ಕಚೇರಿ. ಅದರ ನಿರ್ದೇಶಕ ಫಿಂಡ್ಲೆ ಶಿರಾಸ್ 1923ರಲ್ಲಿ ಮುಂಬಯಿ ಕಾರ್ಮಿಕರ ಕುಟುಂಬ ಆಯವ್ಯಯಗಳ ವರದಿಯನ್ನು ಹೊರತಂದರು. ಗಿರಣಿಯ ಕೆಲಸಗಾರನ ಪಾಲಿಗೆ ಬರುವ ಧಾನ್ಯವು ಸೆರೆಮನೆಯ ನಿಯಮಾವಳಿಯು ಕೈದಿಗೆ ಗೊತ್ತುಮಾಡಿದ ಪ್ರಮಾಣಕ್ಕಿಂತಲೂ ಕಡಿಮೆಯೆಂಬ ಅದರ ಮಾತು ಆಗ ಬಹಳ ಚರ್ಚೆಗೆ ಈಡಾಯಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ: ಗಿರಣಿಯ ಕುಟುಂಬಕ್ಕೆ ವರಮಾನ ಬರುವುದು ನಗದಿನಲ್ಲಿ, ನಿಗದಿಯಾದ ದಿನ, ಖರ್ಚಾಗುವುದೂ ನಗದಿನಲ್ಲಿ, ಅಂಗಡಿಯಲ್ಲಿ. ಆದುದರಿಂದ ಅಲ್ಲಿ ಎರಡು ಲೆಕ್ಕಗಳನ್ನು ಒಂದೇ ಹಾಳೆಯ ಎರಡು ಪಕ್ಕಗಳಲ್ಲಿ ಬರೆಯಬಹುದಾಗಿತ್ತು. ಹಳ್ಳಿಗೆ ಈ ಹಾಳೆಯನ್ನು ಒಯ್ದಾಗಲೇ ತೊಡಕು ಆರಂಭವಾದದ್ದು.

ಸ್ವತಂತ್ರ ಭಾರತದಲ್ಲಿ 1949ರ ರಾಷ್ಟ್ರೀಯ ವರಮಾನ ಸಮಿತಿಗೆ ಪಿ. ಸಿ. ಮಹಲನೋಬಿಸ್ ಅಧ್ಯಕ್ಷರು, ಡಿ. ಆರ್. ಗಾಡಗೀಳ ಮತ್ತು ವಿ. ಕೆ. ಆರ್. ವಿ. ರಾವ್ ಸದಸ್ಯರು. ದೇಶದ ವರಮಾನವನ್ನು ಎಣಿಸಲು ಹೊರಟವರಿಗೆ ಮನೆಗಳ ಮಟ್ಟದ ಅಂಕಿ-ಅಂಶಗಳೇ ಇಲ್ಲವೆಂಬುದು ಅನುಭವಕ್ಕೆ ಬಂದು, ರಾಷ್ಟ್ರೀಯ ಮಾದರಿ ಸಮೀಕ್ಷೆ ಹುಟ್ಟಿತು. ಅದರ ಮೊದಲ ಸುತ್ತು 1950ರ ಅಕ್ಟೋಬರಿನಿಂದ 1951ರ ಮಾರ್ಚಿನವರೆಗೆ ನಡೆಯಿತು. ಇದೇ ವೇಳೆಗೆ ಕೇಂದ್ರದ ಕಾರ್ಮಿಕ ಮಂತ್ರಾಲಯವು 1950-51ರಲ್ಲಿ ಕೃಷಿ ಕಾರ್ಮಿಕರ ಮೊದಲ ವಿಚಾರಣೆಯನ್ನು ನಡೆಸಿತು. ಎರಡನೆಯ ವಿಚಾರಣೆ 1956ರ ಆಗಸ್ಟಿನಿಂದ 1957ರ ಆಗಸ್ಟಿನವರೆಗೆ, ಮಾದರಿ ಸಮೀಕ್ಷೆಯ ಅಂಗವಾಗಿ ಜರುಗಿತು. ಎರಡರಲ್ಲಿಯೂ ಆಯ, ವ್ಯಯ, ಸಾಲ ಮೂರನ್ನೂ ಕೇಳಲಾಗಿತ್ತು. ಹಳ್ಳಿಯ ಬಡವನ ಸಂಪೂರ್ಣ ಲೆಕ್ಕ ಮೊದಲ ಬಾರಿಗೆ ಒಂದೆಡೆ ದೊರೆಯಿತೆಂದು ಭಾವಿಸುವುದು ಸಹಜವಾಗಿತ್ತು.

ಈ ಎರಡು ವರದಿಗಳ ಅಂಕೆಗಳನ್ನು ತುಸು ವಿವರವಾಗಿ ನೋಡುವುದು ಅವಶ್ಯ. 1950-51ರಲ್ಲಿ ಕೃಷಿ ಕಾರ್ಮಿಕ ಕುಟುಂಬವೊಂದರ ಸರಾಸರಿ ವಾರ್ಷಿಕ ವರಮಾನ 447 ರೂಪಾಯಿ. 1956-57ರಲ್ಲಿ 437 ರೂಪಾಯಿ. ಗಂಡಾಳಿನ ದಿನಗೂಲಿ ಮೊದಲ ವಿಚಾರಣೆಯಲ್ಲಿ 1 ರೂಪಾಯಿ 9 ಪೈಸೆ, ಎರಡನೆಯದರಲ್ಲಿ 96 ಪೈಸೆ. ಅಂದರೆ ಮೊದಲ ಪಂಚವಾರ್ಷಿಕ ಯೋಜನೆ ಮುಗಿಯುವ ಹೊತ್ತಿಗೆ ಭೂಹೀನನ ಸ್ಥಿತಿ ಕೆಟ್ಟಿತೆಂದು ಆಯದ ಲೆಕ್ಕ ಹೇಳುತ್ತದೆ. ವ್ಯಯದ ಲೆಕ್ಕವನ್ನು ತೆರೆದರೆ, ಮೊದಲು ಸುಮಾರು 460 ರೂಪಾಯಿ ಇದ್ದದ್ದು ನಂತರ 617 ರೂಪಾಯಿಗೆ ಏರಿದೆ. ಅಂದರೆ ಸ್ಥಿತಿ ಸುಧಾರಿಸಿತೆಂದು ಅದು ಹೇಳುತ್ತದೆ. ಒಂದೇ ವರದಿಯ ಎರಡು ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿಯುತ್ತಿವೆ. ಯೋಜನೆಯು ಬಡವನಿಗೆ ಮುಟ್ಟಿತೋ ಇಲ್ಲವೋ ಎಂಬ ಅಂದಿನ ದೊಡ್ಡ ವಿವಾದವೇ ಈ ವಿರೋಧದ ಮೇಲೆ ನಿಂತಿತ್ತೆಂಬುದನ್ನು ಗಮನಿಸಬೇಕು.

ಇಲ್ಲಿ ಮೂರನೆಯ ಸಾಕ್ಷಿಯನ್ನು ಕರೆಯಬಹುದು. ಆಯಕ್ಕಿಂತ ವ್ಯಯ ಹೆಚ್ಚಾದರೆ ಆ ಕೊರತೆ ಸಾಲದಿಂದಲೋ ಆಸ್ತಿಯ ಮಾರಾಟದಿಂದಲೋ ತುಂಬಬೇಕು. ಮಾರಲು ಭೂಮಿಯಿಲ್ಲದವನಿಗೆ ಉಳಿದದ್ದು ಬಹುಶಃ ಸಾಲವೊಂದೇ. 1956-57ರ ಕೊರತೆ ಒಂದೇ ವರ್ಷಕ್ಕೆ 180 ರೂಪಾಯಿ. ಆದರೆ ಕುಟುಂಬವೊಂದರ ಸರಾಸರಿ ಸಾಲದ ಬಾಕಿ 47 ರೂಪಾಯಿಯಿಂದ 88 ರೂಪಾಯಿಗೆ ಏರಿತು, ಅಷ್ಟೆ. ಆರು ವರ್ಷಗಳಲ್ಲಿ 41 ರೂಪಾಯಿ. ಒಂದು ವರ್ಷದಲ್ಲಿ 180 ರೂಪಾಯಿ ಕೊರತೆಬಿದ್ದ ಮನೆಯ ಒಟ್ಟು ಸಾಲವೇ 88 ರೂಪಾಯಿ ಎಂದರೆ ನಂಬುವಂತಿಲ್ಲ. ಕೊರತೆಯ ಬಹುಭಾಗ ಮನೆಯಲ್ಲಿ ಹುಟ್ಟಿದ್ದಲ್ಲ, ಪಟ್ಟಿಕೆಯಲ್ಲಿ ಹುಟ್ಟಿದ್ದು.

ಹುಟ್ಟಿದ ಬಗೆಯನ್ನು ಅಂದಿನ ವಿದ್ವಾಂಸರೇ ಬಿಡಿಸಿ ತೋರಿಸಿದ್ದಾರೆ. ವಿ. ಕೆ. ಆರ್. ವಿ. ರಾವ್ ಅವರ ಸಂಪಾದಕತ್ವದಲ್ಲಿ ಈ ಎರಡು ವಿಚಾರಣೆಗಳ ತುಲನೆಯನ್ನೇ ವಸ್ತುವಾಗುಳ್ಳ ಗ್ರಂಥವು 1962ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡೇನಿಯಲ್ ಮತ್ತು ಆಲಿಸ್ ಥಾರ್ನರ್ ದಂಪತಿಗಳ ಗ್ರಂಥವೂ ಈ ವಿಚಾರಣೆಗಳನ್ನು ಕಟುವಾಗಿ ವಿಮರ್ಶಿಸಿತು. ಮೊದಲನೆಯ ವಿಚಾರಣೆಯಲ್ಲಿ ಕೃಷಿ ಕಾರ್ಮಿಕನೆಂದರೆ ದುಡಿದ ದಿನಗಳಲ್ಲಿ ಅರ್ಧಕ್ಕಾದರೂ ಕೃಷಿಕೂಲಿ ಮಾಡಿದವನು. ಎರಡನೆಯದರಲ್ಲಿ ಅಳತೆ ದಿನವಲ್ಲ, ವರಮಾನ. ಅದರ ಹೆಚ್ಚಿನ ಪಾಲು ಕೃಷಿಕೂಲಿಯಿಂದ ಬರಬೇಕು. ಕಾಳುಕಡಿಯ ರೂಪದಲ್ಲಿ ಕೊಟ್ಟ ಕೂಲಿಗೆ ಮೊದಲನೆಯದರಲ್ಲಿ ಚಿಲ್ಲರೆ ಬೆಲೆ ಕಟ್ಟಿದರು, ಎರಡನೆಯದರಲ್ಲಿ ಸಗಟು ಬೆಲೆ ಕಟ್ಟಿದರು. ಇದರ ಪರಿಣಾಮವನ್ನು ಒಂದು ಊಹೆಯ ಲೆಕ್ಕದಿಂದ ವಿಶದಪಡಿಸಬಹುದು. ಅಂಕೋಲೆಯ ಕೂಲಿಯವನೊಬ್ಬನಿಗೆ ಸುಗ್ಗಿಯಲ್ಲಿ ಹತ್ತು ಮಣ ಭತ್ತ ಕೂಲಿಯಾಗಿ ಬಂದಿತೆನ್ನೋಣ. ಸಗಟು ಬೆಲೆ ಮಣಕ್ಕೆ 12 ರೂಪಾಯಿ, ಚಿಲ್ಲರೆ ಬೆಲೆ 15 ರೂಪಾಯಿ. ಆ ಹತ್ತು ಮಣವನ್ನು ಮನೆಯವರೆಲ್ಲ ಕೂಡಿ ಉಂಡು ಮುಗಿಸಿದರು. ಬಂದದ್ದನ್ನು ಸಗಟಿನಲ್ಲಿಯೂ ಉಂಡದ್ದನ್ನು ಚಿಲ್ಲರೆಯಲ್ಲಿಯೂ ಬರೆದರೆ ಆಯ 120, ವ್ಯಯ 150. ಒಂದು ಕಾಸೂ ಕೈಗಡ ಮಾಡದ ಮನೆಗೆ 30 ರೂಪಾಯಿಯ ಕೊರತೆ!

ಉತ್ತರ ಕನ್ನಡದ ಮಟ್ಟಿಗೆ ಇನ್ನೊಂದು ತೊಡಕನ್ನು ಇತಿಹಾಸಕಾರನು ಮರೆಯಬಾರದು. ಮೊದಲ ವಿಚಾರಣೆಯ ಕಾಲಕ್ಕೆ ಕಾರವಾರ, ಅಂಕೋಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಮೈಸೂರು ಎಂದರೆ ಹಳೆಯ ಸಂಸ್ಥಾನದ ಪ್ರದೇಶ. ಎರಡನೆಯ ವಿಚಾರಣೆ ಆರಂಭವಾದ ಮೂರು ತಿಂಗಳಿಗೆ, 1956ರ ನವೆಂಬರ್ 1ರಂದು, ಈ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯವಾರು ಪಟ್ಟಿಯಲ್ಲಿ 1950-51ರ ಮೈಸೂರನ್ನೂ 1956ರ ನವೆಂಬರಿನ ಅನಂತರದ ಮೈಸೂರನ್ನೂ ಎದುರೆದುರಾಗಿ ಇಡುವವನು, ಹೆಸರು ಒಂದೇ ಆದ ಎರಡು ದೇಶಗಳನ್ನು ಹೋಲಿಸುತ್ತಿದ್ದಾನೆ. ಹಳೆಯ ಮೈಸೂರಿನ ರಾಗಿಯ ಸೀಮೆಯ ಕೂಲಿಗೂ ಕರಾವಳಿಯ ಭತ್ತದ ಕೂಲಿಗೂ ಇರುವ ಅಂತರವು ಕಾಲದಿಂದಾದ ಬದಲಾವಣೆಯಂತೆ ಅವನಿಗೆ ತೋರುವುದರಲ್ಲಿ ಸಂಶಯವಿಲ್ಲ.

ಮಾದರಿ ಸಮೀಕ್ಷೆಯವರು ವರಮಾನದ ಪ್ರಶ್ನೆಯನ್ನು ಕೈಬಿಡಲಿಲ್ಲ. 14ನೆಯ ಸುತ್ತಿನಲ್ಲಿ (1958-59) ಖರ್ಚಿನ ಪಟ್ಟಿಕೆಯೊಂದಿಗೆ ವರಮಾನವನ್ನೂ ಪ್ರಯೋಗಾರ್ಥವಾಗಿ ಕೇಳಿದರು. 19ನೆಯ ಸುತ್ತಿನಲ್ಲಿ (1964-65) ಮತ್ತು 24ನೆಯ ಸುತ್ತಿನಲ್ಲಿ (1969-70) ಇನ್ನೂ ಮುಂದೆ ಹೋಗಿ, ಸಮಗ್ರ ಕುಟುಂಬ ಪಟ್ಟಿಕೆಯೆಂಬ ಒಂದೇ ಪಟ್ಟಿಕೆಯನ್ನು ರಚಿಸಿ, ಒಂದೇ ಮನೆಯಲ್ಲಿ ಎರಡೂ ಲೆಕ್ಕಗಳನ್ನು ಬರೆದುಕೊಂಡರು. ಹೀಗೆ ಬರೆದುಕೊಂಡಾಗಲೂ ಆಯದ ಮೊತ್ತವು ವ್ಯಯ ಮತ್ತು ಉಳಿತಾಯಗಳ ಮೊತ್ತಕ್ಕಿಂತ ಕಡಿಮೆಯಾಗಿಯೇ ಬಂದಿತು. 1980ರ ದಶಕದಲ್ಲಿ ನಡೆದ ಪ್ರಾಯೋಗಿಕ ಪರಿಶೀಲನೆಯೂ ದೇಶವ್ಯಾಪಿ ಸಮೀಕ್ಷೆಯಾಗಿ ಬೆಳೆಯಲಿಲ್ಲ. ಇದರಿಂದಾಗಿ ಬಡತನವನ್ನು ವರಮಾನದಿಂದಲ್ಲದೆ ಖರ್ಚಿನಿಂದಲೇ ಅಳೆಯುವ ಪದ್ಧತಿ ನಮ್ಮಲ್ಲಿ ನೆಲೆನಿಂತಿತು. ಇದು ತತ್ತ್ವವಿಚಾರದಿಂದ ಬಂದ ನಿರ್ಣಯವೆಂದು ಪಠ್ಯಪುಸ್ತಕಗಳು ಸೂಚಿಸುವುದುಂಟು. ಬಹುಮಟ್ಟಿಗೆ ಅದು ಸೋತ ಲೆಕ್ಕದಿಂದ ಉಳಿದ ದಾರಿ.

ಆಯದ ಲೆಕ್ಕ ಸೋಲುವುದೇಕೆ? ಜನ ಸುಳ್ಳು ಹೇಳುತ್ತಾರೆ, ತೆರಿಗೆಗೆ ಅಂಜುತ್ತಾರೆ ಎಂಬ ಉತ್ತರ ಬಹಳ ಬೇಗನೆ ಬಾಯಿಗೆ ಬರುತ್ತದೆ. ಅದು ಅಲ್ಪಾಂಶದಲ್ಲಿ ನಿಜವಿರಬಹುದು. ಆದರೆ ಕರಾವಳಿಯ ಮನೆಯೊಂದರ ಬದುಕನ್ನು ಬಲ್ಲವರಿಗೆ ಅಷ್ಟರಿಂದ ಸಮಾಧಾನವಾಗದು. ಅಂಕೋಲೆಯ ಗಜನಿ ಗದ್ದೆಯನ್ನು ತೆಗೆದುಕೊಳ್ಳೋಣ. ಉಪ್ಪುನೀರು ಏರಿಳಿಯುವ ಆ ಗದ್ದೆಯಲ್ಲಿ ಮಳೆಗಾಲದಲ್ಲಿ ಭತ್ತ ಬೆಳೆಯುತ್ತದೆ, ಕೊಯಿಲಿನ ತರುವಾಯ ಅದೇ ಗದ್ದೆಯಲ್ಲಿ ಮೀನು, ಸಿಗಡಿ ಸಿಗುತ್ತದೆ. ಪಟ್ಟಿಕೆಯಲ್ಲಿ ಕೃಷಿಗೆ ಒಂದು ಪುಟ, ಮೀನುಗಾರಿಕೆಗೆ ಇನ್ನೊಂದು. ಕೃಷಿಕನೆಂದು ಬರೆಸಿಕೊಂಡವನನ್ನು ಮೀನಿನ ಪುಟದ ಪ್ರಶ್ನೆ ಕೇಳುವವರು ಯಾರು? ಹಾಗೆಯೇ ಹಾಲಕ್ಕಿ ಒಕ್ಕಲಿಗ ಹೆಂಗಸು ಹಿತ್ತಲಿನ ಬಸಳೆ, ಹರಿವೆ, ಸವತೆಗಳನ್ನು ಪೇಟೆಗೆ ಹೊತ್ತು ಮಾರಿ, ಬಂದ ಹಣದಲ್ಲಿ ಅಲ್ಲಿಯೇ ಮೀನು, ಉಪ್ಪು, ಎಣ್ಣೆ ಕೊಂಡು ಸಂಜೆಗೆ ಮನೆಗೆ ಮರಳುತ್ತಾಳೆ. ಆ ಹಣ ಮನೆಯೊಳಗೆ ಬರುವುದೇ ಇಲ್ಲ. ಮನೆಯ ಯಜಮಾನನನ್ನು ವರಮಾನವೆಷ್ಟೆಂದು ಕೇಳಿದರೆ ಅದು ಅವನ ಉತ್ತರದಲ್ಲಿ ಸೇರುವುದಿಲ್ಲ. ಆಕೆಯನ್ನು ಖರ್ಚೆಷ್ಟೆಂದು ಕೇಳಿದರೆ ಮೀನು, ಉಪ್ಪು, ಎಣ್ಣೆ ಮಾತ್ರ ಸೇರುತ್ತವೆ. ಯಾರೂ ಸುಳ್ಳು ಹೇಳಲಿಲ್ಲ, ಆದರೂ ಲೆಕ್ಕ ಕೂಡಲಿಲ್ಲ.

ಕುಟುಂಬವೆಂದರೆ ಯಾರು ಎಂಬುದು ಮತ್ತೊಂದು ಪ್ರಶ್ನೆ. ಒಂದೇ ಒಲೆಯ ಅನ್ನವನ್ನು ಉಣ್ಣುವವರು ಒಂದು ಕುಟುಂಬವೆಂಬುದು ಮಾದರಿ ಸಮೀಕ್ಷೆಯ ಲಕ್ಷಣ. ಇದು ನಮ್ಮ ರೂಢಿಗೆ ಒಪ್ಪುವಂಥದೇ. ಆದರೆ ಗೋವೆಯಲ್ಲಿಯೋ ಮುಂಬಯಿಯಲ್ಲಿಯೋ ದುಡಿಯುವ ಮಗ ಆ ಒಲೆಯಲ್ಲಿ ಉಣ್ಣುವುದಿಲ್ಲ, ಒಲೆ ಉರಿಯುವುದು ಅವನ ಹಣದಿಂದ. ಅವನ ದುಡಿಮೆ ಈ ಮನೆಯ ಆಯವಲ್ಲ. ಅವನು ಕಳಿಸಿದ ಹಣದಿಂದ ಮಾಡಿದ ಖರ್ಚು ಮಾತ್ರ ಈ ಮನೆಯ ವ್ಯಯ. ಬಂದ ಹಣವನ್ನು ಪ್ರತ್ಯೇಕವಾಗಿ ಕೇಳಿ ಬರೆಯದಿದ್ದಲ್ಲಿ ಅಂಥ ಮನೆಯು ಕಾಗದದ ಮೇಲೆ ಗಾಳಿಯನ್ನುಂಡು ಬದುಕುತ್ತದೆ.

ಮಲ್ಲಾಪುರವು ಈ ತೊಡಕುಗಳನ್ನೆಲ್ಲ ಇನ್ನೊಂದು ರೀತಿಯಲ್ಲಿ ತೀಕ್ಷ್ಣಗೊಳಿಸುತ್ತದೆ. ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ಅದರ ನೌಕರರ ವಸತಿ ಇರುವುದು ಮಲ್ಲಾಪುರದಲ್ಲಿ. ಸಮೀಪದಲ್ಲಿಯೇ ಕಾಳೀನದಿಯ ಕದ್ರಾ ಅಣೆಕಟ್ಟು, ಅದರ ಜಲಾಶಯಕ್ಕೆ ನೆಲ ಬಿಟ್ಟ ಕುಟುಂಬಗಳು. ಕಡಲ ಕಡೆಗೆ ಹೋದರೆ 1986ರಲ್ಲಿ ಅಡಿಗಲ್ಲನ್ನಿಟ್ಟ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿಯಲ್ಲಿ ನೆಲೆ ಕಳೆದುಕೊಂಡವರು. ಸಂಬಳದ ಮನೆಯ ಆಯವು ಕಾಗದದಲ್ಲಿಯೇ ಇದೆ. ಕೇಳುವ ಕಷ್ಟವೂ ಇಲ್ಲ. ಪರಿಹಾರಧನ ಪಡೆದ ಮನೆಯ ಆಯವೆಂದರೇನು? ಪರಿಹಾರವು ಕಳೆದುಹೋದ ನೆಲದ ಬೆಲೆಯೇ ಹೊರತು ದುಡಿಮೆಯ ಫಲವಲ್ಲ. ಆದುದರಿಂದ ಲೆಕ್ಕದ ನಿಯಮದಂತೆ ಅದು ಆಯವಲ್ಲ. ಆ ಹಣದಿಂದ ಮಗಳ ಮದುವೆ ಮಾಡಿದರೆ, ಪಾತ್ರೆಪಗಡಿ ಕೊಂಡರೆ, ಎರಡು ವರ್ಷ ಉಂಡರೆ, ಅದಷ್ಟೂ ವ್ಯಯ. ವ್ಯಯದ ಸಮೀಕ್ಷೆ ಆ ವರ್ಷ ಬಂದರೆ ಈ ಮನೆ ಅನುಕೂಲಸ್ಥರ ಸಾಲಿನಲ್ಲಿ ನಿಲ್ಲುತ್ತದೆ. ಆಯದ ಸಮೀಕ್ಷೆ ಬಂದರೆ ದರಿದ್ರರ ಸಾಲಿನಲ್ಲಿ. ಯಾವ ಸವಲತ್ತಿಗೆ ಯಾರು ಅರ್ಹರು ಎಂಬುದು ಇಂಥ ಸಾಲುಗಳಿಂದ ನಿರ್ಣಯವಾಗುವ ಕಾಲದಲ್ಲಿ ಇದು ಕೇವಲ ಪಂಡಿತರ ಚರ್ಚೆಯಲ್ಲ. ಎರಡನ್ನೂ ಒಂದೇ ಮನೆಯಲ್ಲಿ ಕೇಳಿದರೆ ಮಾತ್ರ ನೆಲವನ್ನು ಉಂಡು ಬದುಕುತ್ತಿರುವ ಮನೆ ಅದೆಂಬ ನಿಜಸ್ಥಿತಿ ಗೋಚರಿಸೀತು. ಆಗ ಆಯ-ವ್ಯಯಗಳ ನಡುವಿನ ಅಂತರ ದೋಷವಲ್ಲ. ಆ ಅಂತರವೇ ಇತಿಹಾಸ.

ಹೀಗೆ ಪಟ್ಟಿಕೆಯಲ್ಲಿ ಹುಟ್ಟಿದ ಅಂತರ ಒಂದು ಬಗೆ, ಬದುಕಿನಲ್ಲಿ ಹುಟ್ಟಿದ ಅಂತರ ಇನ್ನೊಂದು ಬಗೆ. ಸಮೀಕ್ಷೆಗಳನ್ನು ಒಂದುಗೂಡಿಸುವವರು ಸಾಮಾನ್ಯವಾಗಿ ಈ ಎರಡನ್ನೂ ಬೇರ್ಪಡಿಸದೆ ತಿದ್ದಿ ಸಮಮಾಡುತ್ತಾರೆಂಬುದೇ ನಮ್ಮ ಮುಖ್ಯವಾದ ಆಕ್ಷೇಪ.

ಬ್ರಿಟನ್ನಿನಲ್ಲಿ 1957ರಿಂದ ನಡೆದುಬಂದ ಕುಟುಂಬ ವೆಚ್ಚ ಸಮೀಕ್ಷೆಯನ್ನು 2001ರಲ್ಲಿ ರಾಷ್ಟ್ರೀಯ ಆಹಾರ ಸಮೀಕ್ಷೆಯೊಡನೆ ಕೂಡಿಸಿದರು. ಆಮೇಲೆ ವರಮಾನದ ಸಮೀಕ್ಷೆಯನ್ನೂ ಹತ್ತಿರ ತಂದು, ಎರಡಕ್ಕೂ ಸಮಾನವಾದ ಪ್ರಶ್ನೆಗಳನ್ನು ರಚಿಸಿ, ಒಂದು ಸಂಗ್ರಹವಾಗಿಸಿದರು. ಅಲ್ಲಿ ಪ್ರಶ್ನೆಗಳನ್ನು ಮೊದಲು ಒಂದುಮಾಡಿ ಅನಂತರ ಉತ್ತರಗಳನ್ನು ಕೂಡಿಸಿದ್ದಾರೆ. ಇದಲ್ಲದೆ ಬೇರೆ ಬೇರೆ ಮನೆಗಳ ಉತ್ತರಗಳನ್ನು ಗಣಿತದ ಬಲದಿಂದ ಜೋಡಿಸುವ ಕ್ರಮವೂ ಈಗ ಪ್ರಚಾರದಲ್ಲಿದೆ. ಜನಸಂಖ್ಯೆ, ಜಮೀನು, ಕಸಬು, ವಿದ್ಯೆಗಳಲ್ಲಿ ಹೋಲುವ ಎರಡು ಮನೆಗಳನ್ನು ಆರಿಸಿ, ಒಂದರ ಆಯಕ್ಕೆ ಮತ್ತೊಂದರ ವ್ಯಯವನ್ನು ಕಟ್ಟುವುದು ಇದರ ಸಾರ. ಸರಾಸರಿಗಳಿಗೆ ಇದು ಉಪಯುಕ್ತವಾದೀತು. ಆದರೆ ಸಾಲ, ಉಳಿತಾಯಗಳು ಒಂದೇ ಮನೆಯ ಆಯ-ವ್ಯಯಗಳ ಸಂಬಂಧದಿಂದ ಹುಟ್ಟುವಂಥವು. ಮಲ್ಲಾಪುರದ ಒಂದು ಮನೆಯ ಗಳಿಕೆಗೆ ಅಂಕೋಲೆಯ ಇನ್ನೊಂದು ಮನೆಯ ಖರ್ಚನ್ನು ಗಂಟುಹಾಕಿದರೆ ದೊರೆಯುವುದು ಎಂದೂ ಇಲ್ಲದ ಮನೆ. ಅದರ ಸಾಲವನ್ನು ಲೆಕ್ಕ ಹಾಕುವುದು ಬಂಜೆಯ ಮಗನಿಗೆ ಹೆಸರಿಟ್ಟಂತೆ.

ನಮ್ಮಲ್ಲಿ ಒಂದೇ ಮನೆಯಲ್ಲಿ ಎರಡನ್ನೂ ಕೇಳಿದ ಇತ್ತೀಚಿನ ದೊಡ್ಡ ಉದಾಹರಣೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ದಿಲ್ಲಿಯ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನ ಪರಿಷತ್ತುಗಳ ಮಾನವ ಅಭಿವೃದ್ಧಿ ಸಮೀಕ್ಷೆ. 2004-05ರಲ್ಲಿ ಅದು 41,554 ಮನೆಗಳನ್ನು ಮುಟ್ಟಿತು. 2011-12ರಲ್ಲಿ ಅವುಗಳಲ್ಲಿ ಬಹುಪಾಲನ್ನು ಮತ್ತೆ ಸಂದರ್ಶಿಸಿತು. ಸರಕಾರದ 2022-23ರ ಕುಟುಂಬ ವೆಚ್ಚ ಸಮೀಕ್ಷೆ 2,61,746 ಮನೆಗಳನ್ನು ಮುಟ್ಟಿ, ಒಂದೇ ಮನೆಗೆ ಮೂರು ಬೇರೆ ಬೇರೆ ತಿಂಗಳುಗಳಲ್ಲಿ ಹೋಗಿ ಕೇಳುವ ಹೊಸ ಕ್ರಮವನ್ನು ಅನುಸರಿಸಿತು. ಹಿಂದಿನ ಸುತ್ತುಗಳಲ್ಲಿ ಒಂದೇ ಭೇಟಿಯಲ್ಲಿ ಎಲ್ಲವನ್ನೂ ಕೇಳುತ್ತಿದ್ದುದರಿಂದ, ಈ ಎರಡು ಬಗೆಯ ಅಂಕೆಗಳನ್ನು ಒಂದೇ ಸಾಲಿನಲ್ಲಿ ಬರೆದು ಏರಿಕೆಯನ್ನು ಕಂಡುಹಿಡಿಯುವವರು 1962ರ ಚರ್ಚೆಯನ್ನು ಒಮ್ಮೆ ಓದಿಕೊಳ್ಳುವುದು ಲೇಸು. 2025ರಲ್ಲಿ ಕೇಂದ್ರ ಅಂಕಿ-ಅಂಶ ಮಂತ್ರಾಲಯವು ದೇಶವ್ಯಾಪಿಯಾದ ಕುಟುಂಬ ವರಮಾನ ಸಮೀಕ್ಷೆಯನ್ನು 2026ರ ಫೆಬ್ರವರಿಯಿಂದ ನಡೆಸುವುದಾಗಿ ಸಾರಿ, ಅದಕ್ಕಾಗಿ ತಜ್ಞರ ತಂಡವನ್ನು ನೇಮಿಸಿತು. 19 ಮತ್ತು 24ನೆಯ ಸುತ್ತುಗಳ ಅನುಭವವನ್ನು ಮಂತ್ರಾಲಯವೇ ತನ್ನ ಪ್ರಕಟಣೆಯಲ್ಲಿ ನೆನೆದಿರುವುದು ಒಳ್ಳೆಯ ಲಕ್ಷಣ.

ಹಳೆಯ ವಿಚಾರಣೆಗಳನ್ನೂ ಹೊಸ ಸಮೀಕ್ಷೆಗಳನ್ನೂ ಒಂದೇ ಸಂಗ್ರಹಕ್ಕೆ ತರುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಂಡರೆ, ಪ್ರತಿಯೊಂದು ಅಂಕೆಯ ಮಗ್ಗುಲಲ್ಲಿ ಅದನ್ನು ಯಾರನ್ನು ಕೇಳಲಾಯಿತು, ಎಷ್ಟು ದಿನಗಳ ನೆನಪಿನ ಮೇಲೆ ಕೇಳಲಾಯಿತು, ಮನೆಯಲ್ಲಿ ಬೆಳೆದದ್ದಕ್ಕೆ ಯಾವ ಬೆಲೆ ಕಟ್ಟಲಾಯಿತು, ಅಂದು ಆ ಊರು ಯಾವ ರಾಜ್ಯದಲ್ಲಿತ್ತು ಎಂಬ ನಾಲ್ಕು ಕಲಮುಗಳನ್ನು ಉಳಿಸಿಕೊಳ್ಳಬೇಕು. ಸಂಗ್ರಹವು ದಪ್ಪವಾದೀತು; ಆಗಲಿ. ಕರಾವಳಿಗೆ ಐದನೆಯ ಕಲಮೂ ಬೇಕಾಗುತ್ತದೆ, ಕೇಳಿದ ತಿಂಗಳಿನದು. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ 61 ದಿನಗಳಲ್ಲಿ ದೋಣಿಯ ಕೂಲಿಯವನ ಮನೆಗೆ ಬರುವ ಕೂಲಿ ನಿಂತಿರುತ್ತದೆ. ಉಣ್ಣುವುದು ಬೇಸಗೆಯಲ್ಲಿ ಒಣಗಿಸಿಟ್ಟ ಮೀನು, ಅಂಗಡಿಯ ಉದ್ದರಿಯ ಅಕ್ಕಿ. ಅಕ್ಟೋಬರಿನಲ್ಲಿ ಆ ಉದ್ದರಿ ತೀರುತ್ತದೆ. ಅದೇ ಮನೆಯ ಜುಲೈ ಹಾಳೆಯೂ ಅಕ್ಟೋಬರ್ ಹಾಳೆಯೂ ಬೇರೆ ಬೇರೆ ಸಮೀಕ್ಷೆಗಳ ಕಟ್ಟುಗಳಲ್ಲಿ ಸಿಕ್ಕಿದರೆ, ಅವು ಒಂದೇ ಮನೆಯವೆಂದು ಗುರುತಿಸಲು ತಿಂಗಳಿನ ಹೆಸರೊಂದನ್ನು ಬಿಟ್ಟರೆ ಬೇರೆ ಸುಳಿವು ಇರುವುದಿಲ್ಲ.